ಸರ್ವಾಂಬರ ಮತ್ತು ನನ್ನ ನೀಲಿ ಸೀರೆ

"ಮಂಗಳಾ, ಇದು ಬಟ್ಟೆಯಲ್ಲ, ಇಡೀ ಬೀರು!"

ನಮ್ಮ ಮನೆಯವರು ಹಾಲ್‌ನ ನಡುವೆ ಸ್ಟೂಲಿನ ಮೇಲೆ ನಿಂತು ಹೀಗೆ ಘೋಷಿಸಿದಾಗ ನಾನು ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದೆ. ಅವರು ಸ್ಟೂಲು ಹತ್ತಿದರೆಂದರೆ ಹೊಸ ಯಂತ್ರ ಹುಟ್ಟಿದೆ ಎಂದರ್ಥ. ಹಿಂದಿನ ಸಲ ಹತ್ತಿದಾಗ ರೊಟ್ಟಿ ತಟ್ಟುವ ಯಂತ್ರ ಬಂದಿತ್ತು. ಅದು ತಟ್ಟಿದ ಮೊದಲ ರೊಟ್ಟಿ ಕಿಟಕಿಯಿಂದ ಹಾರಿ ಎದುರುಮನೆಯ ಡಿಶ್ ಆಂಟೆನಾದ ಮೇಲೆ ಕೂತಿತು. ಇವತ್ತಿಗೂ ಅಲ್ಲೇ ಇದೆ. ಹಾಗಾಗಿ ನಾನು ಒಲೆ ಆರಿಸಿಯೇ ಹೊರಗೆ ಬಂದೆ.

ಅವರ ಮೈಮೇಲೆ ಬೂದು ಬಣ್ಣದ್ದೊಂದು ಬಟ್ಟೆ ಇತ್ತು.

"ನೆಲ ಒರೆಸೋ ಬಟ್ಟೆ ಯಾಕ್ರೀ ಹೊದ್ಕೊಂಡೀರಿ?"

"ಸರ್ವಾಂಬರ!" ಅಂದರು ಎದೆಯುಬ್ಬಿಸಿ. "ನಿನ್ನ ಹೆಸರೇ ಇಟ್ಟೀನಿ. ಸರ್ವಮಂಗಳಾದ ಸರ್ವ. ಇನ್ಮೇಲೆ ಪ್ರವಾಸಕ್ಕೆ ಹೊಂಟ್ರೆ ಒಬ್ಬರಿಗೆ ಒಂದೇ ಬಟ್ಟೆ. ಬೇಕಾದಾಗ ಸೀರೆ, ಬೇಕಾದಾಗ ಸ್ವೆಟರು, ಮಲಗೋವಾಗ ಕೌದಿ!"

ಅವರು ದಾವಣಗೆರೆಯ ಹತ್ತಿಗಿರಣಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಮಗ್ಗ ರಿಪೇರಿ ಮಾಡಿದವರು. ಗಿರಣಿ ಮುಚ್ಚಿದ ಮೇಲೆ ನಮ್ಮ ಹಿತ್ತಲಿನ ತಗಡಿನ ಶೆಡ್ಡೇ ಅವರಿಗೆ ಗಿರಣಿಯಾಯಿತು. ಅಲ್ಲಿ ಎರಡು ವರ್ಷ ಕೂತು, ಕಾವು ತಗುಲಿದರೆ ಸರಿದಾಡುವ, ಬಣ್ಣ ಬದಲಿಸುವ ದಾರ ತಯಾರಿಸಿ ಇಂಥವೆರಡನ್ನು ನೇಯ್ದಿದ್ದರು, ಒಂದು ತಮಗೆ, ಒಂದು ನನಗೆ. ಬಟ್ಟೆಯ ಚುಂಗಿನಲ್ಲಿ ತೊಗರಿಬೇಳೆಯಷ್ಟು ದೊಡ್ಡ ಗಾಜಿನ ಕಣ್ಣು. ಆ ಕಣ್ಣಿಗೆ ಎದುರಿಗೆ ಯಾವುದು ಹೆಚ್ಚಾಗಿ ಕಾಣುತ್ತದೋ ಬಟ್ಟೆ ಅದಕ್ಕೆ ಹೊಂದಿಕೊಳ್ಳಬೇಕು. ಅಷ್ಟೇ ನಿಯಮ.

"ನೋಡು ಈಗ!" ಎಂದು ಚುಂಗನ್ನು ಗೋಡೆಯ ಮೇಲಿದ್ದ ನಮ್ಮ ಮಾವನವರ ಫೋಟೋದ ಕಡೆ ತಿರುಗಿಸಿದರು. ಬಟ್ಟೆ ಮೈಮೇಲೆ ಸರಸರ ಓಡಾಡಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಕಪ್ಪು ಕೋಟು, ಕಚ್ಚೆಪಂಚೆ! ನನ್ನ ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಸುಳ್ಳೇಕೆ ಹೇಳಲಿ, ಆ ಕ್ಷಣ ನನಗೆ ಅವರ ಮೇಲೆ ಬಹಳ ಹೆಮ್ಮೆಯಾಯಿತು.

ಆ ಹೆಮ್ಮೆ ಪೂರಾ ಮನಸ್ಸಿಗಿಳಿಯುವ ಮೊದಲೇ ಪಕ್ಕದ ಮನೆಯ ಕೊಟ್ರೇಶಪ್ಪ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಬಾಗಿಲಿಗೆ ಬಂದರು. ಅವರ ಮನೆಯಲ್ಲಿ ಸ್ನಾನದ ನಡುವೆ ನೀರು ನಿಂತಿತ್ತು. ಮೂವರೂ ಟವೆಲ್ಲಿನಲ್ಲಿದ್ದರು, ಮೂವರ ತಲೆಯಲ್ಲೂ ಸೋಪಿನ ನೊರೆ.

"ರುದ್ರಮುನಿಯವ್ರೇ, ಒಂದ್ ನಾಲ್ಕು ಕೊಡ ನೀರು..." ಎನ್ನುತ್ತಿದ್ದಂತೆ ಸರ್ವಾಂಬರ ಮೂರು ಟವೆಲ್ಲು ಕಂಡಿತು. ಕೋಟು ಮಾಯ! ಕಚ್ಚೆಪಂಚೆ ಮಾಯ! ಸ್ಟೂಲಿನ ಮೇಲೆ ನಮ್ಮ ಮನೆಯವರು ಒಂದು ಗುಲಾಬಿ ಟವೆಲ್ಲಿನಲ್ಲಿ ನಿಂತಿದ್ದರು. ಅದೂ ಮಕ್ಕಳ ಅಳತೆಯದು.

"ಎಷ್ಟು ಚೆನ್ನಾಗಿ ಕೆಲಸ ಮಾಡತ್ತೆ ನೋಡಿದ್ಯಾ!" ಎಂದು ಅವರು ಟವೆಲ್ಲಿನ ಎರಡೂ ತುದಿ ಗಟ್ಟಿಯಾಗಿ ಹಿಡಿದುಕೊಂಡೇ ಹೇಳಿದರು. "ಬರೋ ಶುಕ್ರವಾರ ಹೊರಡೋಣ ಮಂಗಳಾ. ಸಮುದ್ರಕ್ಕೆ."

ನಾನು ಸೌಟು ಎತ್ತಿಕೊಳ್ಳುವುದನ್ನೇ ಮರೆತೆ.

ಈ ಸಮುದ್ರದ ವಿಷಯ ಹೇಳಲೇಬೇಕು. ಮೂವತ್ತೆರಡು ವರ್ಷದ ಹಿಂದೆ, ಮದುವೆಯಾದ ವಾರಕ್ಕೆ, ಅವರು ಗಿರಣಿಯಿಂದ ಒಂದು ವಾಯಿಲ್ ಸೀರೆ ತಂದರು. ತಾವೇ ರಿಪೇರಿ ಮಾಡಿದ ಮಗ್ಗದಲ್ಲಿ ನೇಯ್ದದ್ದು. ತೆಳು ನೀಲಿ, ಅಂಚಿಗೆ ಬಿಳಿಯ ಸಣ್ಣ ಎಳೆ. "ಮುಂದಿನ ತಿಂಗಳು ಹೊನ್ನಾವರಕ್ಕೆ ಹೋಗೋಣ, ಸಮುದ್ರ ತೋರಿಸ್ತೀನಿ. ಅಲ್ಲೀತನಕ ಇದನ್ನ ಉಡಬೇಡ, ಸಮುದ್ರದಾಗೆ ನಿಂತು ಉಡು" ಅಂದರು. ನಾನು ಹುಟ್ಟಿ ಬೆಳೆದದ್ದು ಚಳ್ಳಕೆರೆಯ ಕಡೆ. ಕಣ್ಣು ಹಾಯಿಸಿದಷ್ಟೂ ನೀರೇ ಇರುವ ಜಾಗ ಹೇಗಿರಬಹುದೆಂದು ನನಗೆ ಊಹಿಸಲೂ ಬರುತ್ತಿರಲಿಲ್ಲ. ಆ ರಾತ್ರಿಯಿಂದಲೇ ಊಹಿಸತೊಡಗಿದೆ.

ಮುಂದಿನ ತಿಂಗಳು ಮಗ್ಗ ಕೆಟ್ಟಿತು. ಆಮೇಲೆ ಮಗಳು ಹುಟ್ಟಿದಳು. ಇನ್ನೊಂದು ಸಲ ಬಸ್‌ಸ್ಟ್ಯಾಂಡಿನವರೆಗೂ ಹೋದೆವು. ಅಲ್ಲಿ ಮಂಡಕ್ಕಿ ಕಲಸುವವನನ್ನು ನೋಡುತ್ತ ನಿಂತವರಿಗೆ ಮಂಡಕ್ಕಿ ಕಲಸುವ ಯಂತ್ರ ಹೊಳೆದು, ನನ್ನನ್ನು ಆಟೋದಲ್ಲಿ ಹಾಕಿಕೊಂಡು ವಾಪಸು ಓಡಿಬಂದರು. ಮತ್ತೊಮ್ಮೆ ತಪ್ಪು ನನ್ನದೇ. ಒಂದು ಟ್ರಂಕು, ಮೂರು ಚೀಲ, ಎರಡು ಗಂಟು ನೋಡಿ ಕಂಡಕ್ಟರು, "ಇದು ಬಸ್ಸಮ್ಮ, ಮನೆ ಖಾಲಿ ಮಾಡೋ ಲಾರಿ ಅಲ್ಲ" ಎಂದು ಸೀಟಿ ಊದಿಬಿಟ್ಟ. ಅಂದಿನಿಂದ ಇವರಿಗೆ ಒಂದು ನೆಪ ಸಿಕ್ಕಿತು. ಸಮುದ್ರದ ಮಾತೆತ್ತಿದರೆ ಸಾಕು, "ನಿನ್ನ ಗಂಟುಮೂಟೆ ಹೊರೋಕೆ ಹಡಗೇ ಬೇಕು" ಅನ್ನುವರು.

ನೀಲಿ ಸೀರೆ ಟ್ರಂಕಿನಲ್ಲೇ ಉಳಿಯಿತು. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ಮಡಿಕೆಯಲ್ಲಿ ಹರಿಯದಿರಲೆಂದು ಬೇರೆ ಕಡೆ ಮಡಿಸಿ ಇಡುತ್ತಿದ್ದೆ. ಮೂವತ್ತೆರಡು ಸಲ ಮಡಿಸಿದ್ದೇನೆ, ಒಂದು ಸಲವೂ ಉಟ್ಟಿಲ್ಲ.

ಗುರುವಾರ ಸಂಜೆ ಪ್ಯಾಕಿಂಗ್ ಶುರುವಾಯಿತು. ಅಂದರೆ ನಾನು ಚೀಲಕ್ಕೆ ತುಂಬುವುದು, ಅವರು ತೆಗೆಯುವುದು.

"ಇದ್ಯಾಕೆ ಶಾಲು?"

"ಒಂದು ವೇಳೆ ಚಳಿ ಆದ್ರೆ?"

"ಸರ್ವಾಂಬರ ಶಾಲಾಗತ್ತೆ! ಈ ರೇಷ್ಮೆ ಸೀರೆ?"

"ಒಂದು ವೇಳೆ ಯಾರಾದ್ರೂ ಕಾರ್ಯಕ್ಕೆ ಕರೆದ್ರೆ?"

"ಗುರುತಿಲ್ಲದ ಊರಿನಾಗೆ ನಿನ್ನ ಯಾರು ಕರೀತಾರೆ? ಕರೆದ್ರೂ ಸರ್ವಾಂಬರ ರೇಷ್ಮೆ ಆಗತ್ತೆ!"

"ಒಂದು ವೇಳೆ ಸರ್ವಾಂಬರ ಕೈ ಕೊಟ್ರೆ?"

ಅವರು ಮೂಗಿನ ತುದಿ ಕೆಂಪಗೆ ಮಾಡಿಕೊಂಡರು. ಒಳಲಂಗ, ರವಿಕೆ, ಹಲ್ಲುಜ್ಜುವ ಬ್ರಷ್ಷು ಬಿಟ್ಟು ಎಲ್ಲವೂ ಹೊರಗೆ ಬಿತ್ತು. ಕೊನೆಗೆ ಚೀಲದ ತಳದಲ್ಲಿ ನೀಲಿ ಸೀರೆ.

"ಇದೊಂದು ಇರ್ಲಿ ರೀ."

ಅವರು ಸೀರೆಯನ್ನು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು. "ಒಂದೇ ಬಟ್ಟೆ ಅಂದ್ರೆ ಒಂದೇ ಬಟ್ಟೆ. ಇದನ್ನ ಇಟ್ರೆ ನನ್ನ ಪ್ರಯೋಗ ಅಲ್ಲಿಗೇ ಮುಗೀತು" ಅಂದರು. ಯಾವ ಸೀರೆ, ಎಲ್ಲಿಯದು ಎಂದು ಕೇಳಲೂ ಇಲ್ಲ.

ಮರೆತಿದ್ದಾರೆ! ಜಗಳಕ್ಕೆ ನಿಲ್ಲಬಹುದಿತ್ತು. ಆದರೆ ಈಗ ಜಗಳವಾಡಿದರೆ ಶುಕ್ರವಾರ ಹೋಗಿ ಮುಂದಿನ ವರ್ಷವಾಗುತ್ತದೆಂದು ನನಗೆ ಗೊತ್ತು. ಸೀರೆ ಇಲ್ಲದಿದ್ದರೆ ಬೇಡ, ಸಮುದ್ರವಾದರೂ ಸಿಗಲಿ ಎಂದು ಅದನ್ನು ಟ್ರಂಕಿನಲ್ಲಿಟ್ಟು ಮುಚ್ಚಳ ಹಾಕಿದೆ. ಅವರು ಮಾತ್ರ ತಮಗೊಂದು ಟೂಲ್ ಬ್ಯಾಗು ಇಟ್ಟುಕೊಂಡರು. "ಬ್ಯಾಟರಿ ಐತೆ, ಮುಟ್ಟಬೇಡ!" ಎಂಬ ಎಚ್ಚರಿಕೆ ಬೇರೆ.

ಬೆಳಿಗ್ಗೆ ಎದ್ದು ಎರಡೂ ಸರ್ವಾಂಬರಗಳನ್ನು ದೇವರ ಮುಂದೆ ಇಟ್ಟೆ. ಹೊಸ ಬಟ್ಟೆ ಉಡುವ ಮುಂಚೆ ಮಾಡಬೇಕಾದದ್ದನ್ನು ಮಾಡಿ ಕೈಮುಗಿದೆ. "ಇದೊಂದು ಸಲ ಸಮುದ್ರ ತೋರಿಸಪ್ಪಾ" ಎಂದು ಬಾಯಿಬಿಟ್ಟೇ ಕೇಳಿಕೊಂಡೆ.

ಆರು ಗಂಟೆಗೆ ಹೊನ್ನಾವರದ ಬಸ್ಸು. ಬೂದು ಬಟ್ಟೆಯನ್ನು ನಾನು ಸೀರೆಯಂತೆ, ಅವರು ಪಂಚೆ-ಶಲ್ಯದಂತೆ ಸುತ್ತಿಕೊಂಡಿದ್ದೆವು. ಕೈಯಲ್ಲಿ ಒಂದೊಂದು ಚೀಲ. ಮೊದಲ ಬಾರಿಗೆ ಕಂಡಕ್ಟರು ನಮ್ಮನ್ನು ಗೌರವದಿಂದ ಹತ್ತಿಸಿಕೊಂಡ. ಬಸ್ಸು ಊರು ದಾಟಿತು. ದಾಟಿಯೇಬಿಟ್ಟಿತು! ನಾನು ಕಿಟಕಿಗೆ ಮುಖವೊಡ್ಡಿ ಕೂತೆ.

"ಚಾಲೂ ಮಾಡ್ತೀನಿ" ಎಂದು ನಮ್ಮ ಮನೆಯವರು ಒಳಗಿನ ಚಡ್ಡಿಯ ಜೇಬಿನಿಂದ ಪುಟ್ಟ ರಿಮೋಟು ತೆಗೆದು ಒತ್ತಿದರು. "ಬಸ್ಸಿನಾಗೆ ಎಲ್ಲರೂ ಸಾದಾ ಬಟ್ಟೆ ಹಾಕ್ಯಾರೆ. ನಮ್ಮದೂ ಸಾದಾ ಆಗತ್ತೆ ನೋಡ್ತಿರು."

ಸರಸರ ಸದ್ದಾಯಿತು. ನನ್ನ ಮೈಮೇಲೆ ಅಂಗೈಯಗಲದ ಜರಿಯಂಚಿನ ಕೆಂಪು ಧಾರೆ ಸೀರೆ ಇಳಿಯಿತು! ಪಕ್ಕಕ್ಕೆ ತಿರುಗಿದರೆ ಅರವತ್ತರ ಮದುಮಗ! ರೇಷ್ಮೆ ಪಂಚೆ, ಜರಿ ಶಲ್ಯ, ತಲೆಗೆ ಪೇಟ!

ಬಸ್ಸಿಗೆ ಬಸ್ಸೇ ಹಿಂದಿರುಗಿ ನೋಡಿತು.

"ಈ ವಯಸ್ಸಿನಾಗೆ ಓಡಿ ಹೊಂಟೀರಾ ಯಜಮಾನ್ರೇ?" ಎಂದ ಕಂಡಕ್ಟರು. ಗೌರವ ಅಲ್ಲಿಗೆ ಮುಗಿಯಿತು.

"ತಾಂತ್ರಿಕ ದೋಷ!" ಎಂದು ಇವರು ಕೂಗಿ, ಚುಂಗು ಎಳೆದು ನೋಡಿ ಹೌಹಾರಿದರು. "ಮಂಗಳಾ! ಕಣ್ಣಿನ ಮೇಲೆ ಇದೇನಿದು?"

"ಅರಿಶಿನ-ಕುಂಕುಮ."

"ಯಾಕೆ?"

"ಯಾಕೆ ಅಂದ್ರೆ? ಹೊಸ ಬಟ್ಟೆ ಚುಂಗಿಗೆ ಅರಿಶಿನ-ಕುಂಕುಮ ಹಚ್ಚದೆ ಯಾರಾದ್ರೂ ಉಡ್ತಾರೇನ್ರೀ? ನಿಮ್ಮದಕ್ಕೂ ಹಚ್ಚೀನಿ, ಹೊಟ್ಟೆಕಿಚ್ಚು ಬೇಡ."

"ಅಯ್ಯೋ! ಅದಕ್ಕೆ ಈಗ ಜಗತ್ತೆಲ್ಲ ಅರಿಶಿನ-ಕುಂಕುಮವಾಗಿ ಕಾಣ್ತಿದೆ! ಎಲ್ಲಿ ನೋಡಿದ್ರೂ ಮದುವೆ ಅಂತ ತಿಳ್ಕೊಂಡೈತೆ! ಒರೆಸು ಬೇಗ!"

"ಹಚ್ಚಿದ ಕುಂಕುಮಾನ ನಾನು ಕೈಯಾರೆ ಒರೆಸಬೇಕಾ? ಹಂಗನ್ನೋಕೆ ನಾಲಿಗೆ ಹೆಂಗಾದ್ರೂ ಬಂತು ನಿಮಗೆ! ಆಫ್ ಮಾಡ್ರಿ."

"ಆಫ್ ಮಾಡೋಕೆ ರಿಮೋಟಿನ ಬೆಳಕು ಆ ಕಣ್ಣೊಳಗೇ ಹೋಗಬೇಕು ಕಣೇ! ಈಗ ಒಳಗೆಲ್ಲಿ ಹೋಗತ್ತೆ?"

ಬೇರೆ ಬಟ್ಟೆ ಹಾಕಿಕೊಳ್ಳೋಣವೆಂದರೆ ಬೇರೆ ಬಟ್ಟೆ ಎಲ್ಲಿದೆ? ನಾನು ಅವರ ಮುಖ ನೋಡಿದೆ ಅಷ್ಟೇ. ಅವರು ಕಿಟಕಿಯಾಚೆಯ ಗದ್ದೆಗಳನ್ನು ಪರೀಕ್ಷಿಸತೊಡಗಿದರು.

ಹೊನ್ನಾಳಿಯಲ್ಲಿ ಹತ್ತಿದ ಅಜ್ಜಿಯೊಬ್ಬರು ನನ್ನ ಪಕ್ಕದಲ್ಲಿ ಕೂತು, ಮೇಲಿಂದ ಕೆಳಗೆ ನೋಡಿ, "ಇಬ್ಬರದೂ ಎರಡನೇ ಸಂಬಂಧನೇನವ್ವಾ?" ಎಂದು ಮೆಲ್ಲಗೆ ಕೇಳಿದರು. ಇಲ್ಲಜ್ಜಿ, ಒಂದನೆಯದೇ ಇನ್ನೂ ಮುಗಿದಿಲ್ಲ ಅಂದೆ. ಅವರಿಗೆ ಏನು ಅರ್ಥವಾಯಿತೋ, ಇಳಿಯುವ ಮುಂಚೆ ಚೀಲದಿಂದ ಒಂದು ರವಿಕೆ ಕಣ, ಎರಡು ಬಾಳೆಹಣ್ಣು ತೆಗೆದು ನನ್ನ ಉಡಿಗೆ ಹಾಕಿದರು. ಉಡಿಗೆ ಹಾಕಿದ್ದನ್ನು ಬೇಡ ಅನ್ನಲಾಗುತ್ತದೆಯೇ? ಕಣವನ್ನು ಚೀಲಕ್ಕೆ ಸೇರಿಸಿದೆ. ಹಣ್ಣು ಇವರು ತಿಂದರು.

ಸಾಗರದಲ್ಲಿ ಚಹಾಕ್ಕೆ ಹದಿನೈದು ನಿಮಿಷ ಬಸ್ಸು ನಿಂತಿತು. ಚೀಲಗಳ ಸಮೇತ ಇಳಿದೆವು. "ನೀನು ಒರೆಸಬೇಡ, ನಾನು ಸೋಪು ಹಾಕಿ ತೊಳೀತೀನಿ, ಪಾಪ ನನಗಿರಲಿ" ಎಂದು ನಮ್ಮ ಮನೆಯವರು ಹೋಟೆಲಿನ ನಲ್ಲಿಯ ಹತ್ತಿರ ಎರಡೂ ಚುಂಗು ಹಿಡಿದು ತಿಕ್ಕಿದರು. ಅರಿಶಿನಕ್ಕೆ ಸೋಪು ತಾಗಿದರೆ ಏನಾಗುತ್ತದೆಂದು ಅಡುಗೆಮನೆ ಕಂಡ ಯಾರನ್ನು ಕೇಳಿದರೂ ಹೇಳುತ್ತಿದ್ದರು. ರಕ್ತಗೆಂಪಾಯಿತು! ಗಾಜಿಗೆ ಗಟ್ಟಿಯಾಗಿ ಹಿಡಿದುಕೊಂಡಿತು. ಸರ್ವಾಂಬರಕ್ಕೆ ಈಗ ಮುಹೂರ್ತವೇ ಬಂದಂತಾಯಿತೋ ಏನೋ, ಅವರ ಪೇಟ ಎರಡು ಸುತ್ತು ದೊಡ್ಡದಾಗಿ ಮೇಲೆ ತುರಾಯಿ ಎದ್ದಿತು. ನನ್ನ ಸೆರಗಿನ ತುದಿ ತಾನಾಗಿ ಮೇಲೆದ್ದು ಹಣೆಗೆ ಬಾಸಿಂಗ ಕಟ್ಟಿತು. ಅವರಿಗೂ ಕಟ್ಟಿತು.

ಆಗಲೇ ಬೀದಿಯ ತಿರುವಿನಿಂದ ಓಲಗದ ಸದ್ದು ಕೇಳಿದ್ದು.

ಅಲ್ಲೊಂದು ಕಲ್ಯಾಣಮಂಟಪವಿತ್ತು. ಹೊನ್ನಾವರದಿಂದ ಬರಬೇಕಿದ್ದ ಗಂಡಿನ ದಿಬ್ಬಣಕ್ಕಾಗಿ ಓಲಗದವರು ರಸ್ತೆಬದಿಯಲ್ಲಿ ಕಾಯುತ್ತಿದ್ದರು. ಅವರಿಗೆ ಬಾಸಿಂಗ ಕಂಡಿತು, ಮುಖ ಯಾರದು ಎಂದು ನೋಡುವ ತಾಳ್ಮೆ ಇರಲಿಲ್ಲ. ಪೀಂ ಎಂದು ಊದುತ್ತ ನಮ್ಮನ್ನು ನಡುವೆ ಹಾಕಿಕೊಂಡು ನಡೆದೇಬಿಟ್ಟರು! "ನಾವಲ್ಲ! ನಾವಲ್ಲ!" ಎಂದು ಇವರು ಕೂಗಿದ್ದು ಡೋಲಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಮಂಟಪದ ಬಾಗಿಲಲ್ಲಿ ಆರತಿ ಹಿಡಿದ ಹೆಂಗಸರು ಇವರ ಕಾಲಿಗೆ ನೀರು ಹಾಕಿ, ತಲೆಯೆತ್ತಿ ನೋಡಿ, ತಂಬಿಗೆ ಕೈಬಿಟ್ಟರು.

"ಇದೆಂತ! ಗಂಡು ಬದಲಾಯ್ತಾ?" ಎಂದು ಹುಡುಗಿಯ ಅಜ್ಜಿ ಚೀರಿದರು.

ಆ ಗಲಾಟೆಯ ನಡುವೆ ಬಸ್‌ಸ್ಟ್ಯಾಂಡಿನ ಕಡೆಯಿಂದ ಮೂರು ಸಲ ಹಾರ್ನು ಕೇಳಿತು. ನಮ್ಮ ಬಸ್ಸು. ನಾನು ಸೀರೆಯೆತ್ತಿ ಓಡಿದೆ. ಒಂಬತ್ತು ಮೊಳದಷ್ಟಿದ್ದ ಸರ್ವಾಂಬರದಲ್ಲಿ ಅಷ್ಟು ಜರಿ ಎಲ್ಲಿಂದ ಬಂತೋ, ಕಾಲಿಗೆ ತೊಡರಿ ಹೆಜ್ಜೆಯೇ ಏಳಲಿಲ್ಲ. ರಸ್ತೆಗೆ ಬರುವಷ್ಟರಲ್ಲಿ ಬಸ್ಸಿನ ಹಿಂಭಾಗ ಮಾತ್ರ ಕಂಡಿತು. 'ಹೊನ್ನಾವರ' ಎಂಬ ಬೋರ್ಡು ಸಣ್ಣದಾಗುತ್ತ ಹೋಯಿತು.

ನಾನು ರಸ್ತೆಬದಿಯ ಕಲ್ಲಿನ ಮೇಲೆ ಬಾಸಿಂಗ ಸಮೇತ ಕೂತು ಅತ್ತುಬಿಟ್ಟೆ. ಮೂವತ್ತೆರಡು ವರ್ಷದಲ್ಲಿ ಸಮುದ್ರಕ್ಕೆ ಇಷ್ಟು ಹತ್ತಿರ ಬಂದಿರಲಿಲ್ಲ. ಹತ್ತಿರ ಬಂದು ತಪ್ಪುವುದಕ್ಕಿಂತ ಮನೆಯಲ್ಲೇ ಕೂತು ಊಹಿಸುವುದು ಸುಖವಾಗಿತ್ತು.

ಹಿಂದೆಯೇ ಏದುಸಿರು ಬಿಡುತ್ತ ಬಂದ ನಮ್ಮ ಮನೆಯವರು ಟೂಲ್ ಬ್ಯಾಗನ್ನು ಎದೆಗವಚಿಕೊಂಡು ಪಕ್ಕದಲ್ಲಿ ಕೂತರು. ತುರಾಯಿ ಅಲ್ಲಾಡುತ್ತಿತ್ತು. "ಮಂಗಳಾ, ಇನ್ನೊಂದು ಬಸ್ಸು..." ಅಂದರು.

"ಮಾತಾಡಬೇಡ್ರಿ."

ಅವರು ಅಲ್ಲಾಡುವ ತುರಾಯಿಯನ್ನು ಕೈಯಿಂದ ಅದುಮಿ ಹಿಡಿದರು.

ಅಷ್ಟರಲ್ಲಿ ನಿಜವಾದ ದಿಬ್ಬಣ ಬಂದಿತ್ತು. ಹುಡುಗಿಯ ತಂದೆ ನಮ್ಮನ್ನು ಹುಡುಕಿಕೊಂಡು ಬಂದರು. ನಾನು ಮೂಗು ಒರೆಸಿಕೊಳ್ಳುತ್ತ ಅರಿಶಿನದಿಂದ ಹಿಡಿದು ಬಸ್ಸಿನವರೆಗೆ ಎಲ್ಲ ಹೇಳಿದೆ. ಅವರು ನಕ್ಕು ನಕ್ಕು ಸುಸ್ತಾಗಿ, "ಬನ್ನಿ ಮಾರಾಯ್ರೇ. ಬಾಸಿಂಗ ಕಟ್ಟಿಕೊಂಡು ಬಾಗಿಲಿಗೆ ಬಂದವರನ್ನ ಊಟ ಮಾಡಿಸದೆ ಹೇಗೆ ಕಳಿಸೂದು? ಊಟ ಆದಮೇಲೆ ದಿಬ್ಬಣದ ವ್ಯಾನು ಹೊನ್ನಾವರಕ್ಕೇ ಹೋಗ್ತದೆ. ಎರಡು ಸೀಟು ನಿಮಗೆ" ಅಂದರು.

ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ.

ಮದುವೆ ಬಲು ಗಮ್ಮತ್ತಾಯಿತು. ನಾವು ಹಿಂದಿನ ಸಾಲಿನಲ್ಲಿ ಅಡಗಿ ಕೂತರೂ ಅರ್ಧ ಅಕ್ಷತೆ ನಮ್ಮ ಮೇಲೇ ಬಿತ್ತು. ಫೋಟೋಗ್ರಾಫರು ಗೊಂದಲದಲ್ಲಿ ನಮ್ಮವೇ ನಲವತ್ತು ಫೋಟೋ ತೆಗೆದ. ಹೋಳಿಗೆ ಊಟವಾದ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಬಂದು, ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸಬಾರದೆಂದು ಉಡಿ ತುಂಬಿದರು. ತೆಂಗಿನಕಾಯಿ, ಅಕ್ಕಿ, ರವಿಕೆ ಕಣ. ಹಸಿರು, ಹಳದಿ, ಬದನೆಕಾಯಿ ಬಣ್ಣ. ಬಸ್ಸಿನ ಅಜ್ಜಿ ಕೊಟ್ಟದ್ದೂ ಸೇರಿ ಹನ್ನೊಂದು ಕಣ. ಒಂದು ಚೀಲ ಮೂರಾಯಿತು.

"ನನ್ನ ಹಗುರ ಪ್ರವಾಸ!" ಎಂದು ನಮ್ಮ ಮನೆಯವರು ತೆಂಗಿನಕಾಯಿ ಹೊರುತ್ತ ನರಳಿದರು.

ವ್ಯಾನಿನಲ್ಲಿ ನನ್ನ ಪಕ್ಕ ಮದುಮಗಳು ವಿನುತಾ ಕೂತಿದ್ದಳು. ಗಂಡ ಮುಂದೆ ಡ್ರೈವರ್ ಪಕ್ಕ ನಿದ್ದೆಹೋಗಿದ್ದ. ತಾಯಿಮನೆ ಬಿಟ್ಟ ಹುಡುಗಿ ಜೋಗದ ತಿರುವಿನವರೆಗೂ ಅಳುತ್ತಿದ್ದಳು. ಆಮೇಲೆ ನನ್ನ ಬಾಸಿಂಗ ನೋಡಿ ನಗು ತಡೆಯಲಾರದೆ ಕಣ್ಣೊರೆಸಿಕೊಂಡಳು.

"ಅಮ್ಮಾ, ನಿಮ್ಮ ಮದುವೆಯಾಗಿ ಎಷ್ಟು ವರ್ಷ ಆಯ್ತು?"

"ಮೂವತ್ತೆರಡು."

"ಆವಾಗ ಎಲ್ಲಿಗೆ ಹೋಗಿದ್ರಿ, ಇಬ್ಬರೇ?"

"ಈಗ ಹೋಗ್ತಾ ಇದೀವಿ."

ಅವಳು ನನ್ನ ಕೈ ಹಿಡಿದುಕೊಂಡಳು. ಘಟ್ಟ ಇಳಿಯುವವರೆಗೂ ಬಿಡಲಿಲ್ಲ. ಎರಡೂ ಮದುಮಗಳ ಕೈಗಳೇ, ಒಂದರಲ್ಲಿ ಮದರಂಗಿ, ಇನ್ನೊಂದರಲ್ಲಿ ಒಗ್ಗರಣೆ ಸಿಡಿದ ಕಲೆ. ನನಗೆ ನನ್ನ ಇಪ್ಪತ್ತೆರಡನೆಯ ವಯಸ್ಸು ಎಲ್ಲಿಂದಲೋ ಬಂದು ಪಕ್ಕದಲ್ಲಿ ಕೂತಂತಾಯಿತು. ಆಗ ಬಂದಿದ್ದರೆ ಅಲೆಯ ಜೊತೆ ಓಡುತ್ತಿದ್ದೆ. ಈಗ ಮಂಡಿನೋವು. ಆದರೂ ಬೇಕು ಅನ್ನಿಸುವುದು ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

ಶರಾವತಿಯ ದೊಡ್ಡ ಸೇತುವೆ ದಾಟಿಸಿ, ಕಾಸರಕೋಡಿನ ಗಾಳಿಮರಗಳ ಹತ್ತಿರ ನಮ್ಮನ್ನು ಇಳಿಸಿ, ವ್ಯಾನು ಹೊರಟುಹೋಯಿತು. ಸಂಜೆ ಐದೂವರೆ. ಮರಳು ದಿಬ್ಬ ಹತ್ತಿದೆ.

ಸಮುದ್ರ.

ನಾನು ಊಹಿಸಿದ್ದೆಲ್ಲ ಸಣ್ಣದಾಗಿತ್ತು. ಇಷ್ಟು ಸದ್ದು ಮಾಡುತ್ತದೆಂದು ಯಾರೂ ಹೇಳಿರಲಿಲ್ಲ. ನಾನು ಚಪ್ಪಲಿ ಬಿಟ್ಟು ನೇರ ನೀರಿಗಿಳಿದೆ. ಮೊದಲ ಅಲೆ ಪಾದ ಮುಟ್ಟಿತು. ಎರಡನೆಯದು ಮಂಡಿ. ಹಿಂದೆ ನಮ್ಮ ಮನೆಯವರು, "ನಿಧಾನ, ನಿಧಾನ!" ಎನ್ನುತ್ತ ಪೇಟ ಹಿಡಿದುಕೊಂಡು ಇಳಿದರು. ಮೂರನೆಯ ಅಲೆ ಇಬ್ಬರನ್ನೂ ಸೊಂಟದವರೆಗೆ ತೋಯಿಸಿ ಚುಂಗುಗಳನ್ನು ಚೆನ್ನಾಗಿ ಉಜ್ಜಿ ಹೋಯಿತು. ಉಪ್ಪುನೀರಿಗೆ ಮರಳೂ ಸೇರಿತ್ತಲ್ಲ, ಅರಿಶಿನ, ಕುಂಕುಮ, ಸೋಪು ಎಲ್ಲ ಹೋಯಿತು. ನಾನು ಒರೆಸಲಿಲ್ಲ, ಸಮುದ್ರ ಒರೆಸಿತು. ಹಾಗಾಗಿ ದೋಷ ನನಗಿಲ್ಲ.

ಬೆಳಗಿನಿಂದ ಕುರುಡಾಗಿದ್ದ ಕಣ್ಣು ಈಗ ತೆರೆಯಿತು. ತೆರೆದದ್ದೇ ತಡ, ಎದುರಿಗೆ ಹೆಚ್ಚಾಗಿ ಕಂಡದ್ದು ಏನು?

ಬಾಸಿಂಗ ಕರಗಿತು. ಜರಿ ಕರಗಿತು. ಧಾರೆ ಸೀರೆ ತೆಳುವಾಗಿ ನೀಲಿಗೆ ತಿರುಗಿತು, ಅಂಚಿಗೆ ಬಿಳಿಯ ನೊರೆಯ ಸಣ್ಣ ಎಳೆ. ನನ್ನ ಟ್ರಂಕಿನಲ್ಲಿರುವ ಸೀರೆಯದೇ ಬಣ್ಣ! ನಾನು ಉಸಿರು ಹಿಡಿದು ನಿಂತೆ.

"ಮಂಗಳಾ! ಹೊಂದಿಕೊಳ್ತು! ಕೊನೆಗೂ ಸರಿಯಾಗಿ ಹೊಂದಿಕೊಳ್ತು!" ಎಂದು ಇವರು ನೀರಿನಲ್ಲೇ ಕುಣಿದರು.

ಸರ್ವಾಂಬರ ಅಷ್ಟಕ್ಕೆ ನಿಲ್ಲಲಿಲ್ಲ. ಬಣ್ಣವಾದ ಮೇಲೆ ಅಲೆಯಾಯಿತು. ನೆರಿಗೆಗಳು ಏಳತೊಡಗಿದವು, ಬೀಳತೊಡಗಿದವು, ಸೆರಗು ಭೋರ್ಗರೆಯಿತು. ನಾಲ್ಕನೆಯ ಅಲೆ ವಾಪಸು ಹೋಗುವಾಗ ಅದರ ಜೊತೆಗೆ ನಮ್ಮಿಬ್ಬರ ಮೈಮೇಲಿಂದ ಜಾರಿ ಹೊರಟೇಹೋಯಿತು. ನನ್ನದು ಮುಂದೆ, ಅವರದು ಹಿಂದೆ, ಸ್ವಲ್ಪ ದೂರ ಬೇರೆ ಬೇರೆಯಾಗಿ ಕಂಡವು, ಆಮೇಲೆ ಯಾವುದು ಬಟ್ಟೆ ಯಾವುದು ನೀರು ತಿಳಿಯಲಿಲ್ಲ.

"ಬಾ! ವಾಪಸ್ ಬಾ!" ಎಂದು ಎರಡು ವರ್ಷದ ದುಡಿಮೆಯನ್ನು ಕರೆಯುತ್ತ ಅವರು ಪಟ್ಟೆಪಟ್ಟೆ ಚಡ್ಡಿಯಲ್ಲಿ ನಿಂತಿದ್ದರು. ನಾನು ಒಳಲಂಗ-ರವಿಕೆಯಲ್ಲಿ ಕುತ್ತಿಗೆಯವರೆಗೂ ನೀರಿನಲ್ಲಿ ಕೂತೆ. ದೂರದಲ್ಲಿ ಬಲೆ ಎಳೆಯುತ್ತಿದ್ದ ನಾಲ್ಕು ಮಂದಿ ಇತ್ತ ತಿರುಗಿದರು.

"ಈಗೇನ್ರೀ ಮಾಡೋದು? ಒಂದೇ ಬಟ್ಟೆ ಅಂದ್ರೆ ಒಂದೇ ಬಟ್ಟೆ!"

ಅವರು ದಡಕ್ಕೆ ಹೋಗಿ ಟೂಲ್ ಬ್ಯಾಗು ಬಿಚ್ಚಿದರು. ಸ್ಕ್ರೂಡ್ರೈವರು, ವೈರು ಪಕ್ಕಕ್ಕೆ ಸರಿಸಿ ಕೆಳಗಿನಿಂದ ಒಂದು ಪೊಟ್ಟಣ ತೆಗೆದು, ನೀರಿಗಿಳಿದು ಬಂದು, ತಲೆಯ ಮೇಲೆ ಎತ್ತಿ ಹಿಡಿದದ್ದನ್ನು ಕೊಟ್ಟರು. ನನ್ನ ನೀಲಿ ಸೀರೆ.

ಮಡಿಕೆಗಳೆಲ್ಲ ಗರಿಗರಿಯಾಗಿದ್ದವು.

"ಬ್ಯಾಟರಿ ಸುತ್ತೋಕೆ ತಂದಿದ್ದೆ" ಅಂದರು ಬೇರೆ ಕಡೆ ನೋಡುತ್ತ.

"ಇಸ್ತ್ರಿ ಮಾಡಿ?"

"ಬ್ಯಾಟರಿಗೆ ಸುಕ್ಕು ಆಗಬಾರದು." ಮೂಗಿನ ತುದಿ ಕೆಂಪಗೆ ಮಾಡಿಕೊಂಡು, "ಒಂದು ವೇಳೆ ಬೇಕಾದ್ರೆ ಅಂತ" ಅಂದರು.

ಗಾಳಿಮರದ ಮರೆಯಲ್ಲಿ ಸೀರೆ ಉಟ್ಟೆ. ಆಗ ಉಟ್ಟಿದ್ದರೆ ಏಳು ನೆರಿಗೆ ಬರುತ್ತಿದ್ದ ಸೀರೆಗೆ ಈಗ ನಾಲ್ಕೇ ನೆರಿಗೆ. ಒಂದು ಹಳೆಯ ಮಡಿಕೆಯಲ್ಲಿ ಬೆರಳುದ್ದ ಹರಿಯಿತು. ಹರಿಯಲಿ ಬಿಡು ಅಂದುಕೊಂಡೆ. ವಾ‌ಪಸು ಬಂದು ನೀರಿನಲ್ಲಿ ನಿಂತೆ. ಸೂರ್ಯ ಮುಳುಗುವವರೆಗೂ ನಿಂತೆ. ಅವರು ಪಕ್ಕದಲ್ಲೇ ನಿಂತಿದ್ದರು. ಇಪ್ಪತ್ತೆರಡರ ಹುಡುಗಿಯೂ ಎಲ್ಲೋ ಹತ್ತಿರದಲ್ಲೇ ಇದ್ದಳು. ಅವಳನ್ನು ಇಲ್ಲಿಗೆ ತರಲು ತಡವಾಯಿತಲ್ಲ ಎಂದು ನನಗೆ ತುಂಬ ಸಂಕಟವಾಯಿತು, ಅವಳು ಮಾತ್ರ ಖುಷಿಯಾಗಿದ್ದಂತೆ ಕಂಡಿತು.

ಇನ್ನು ಅವರ ಉಡುಪಿನ ವಿಷಯ. ಹನ್ನೊಂದು ರವಿಕೆ ಕಣಗಳನ್ನು ನನ್ನ ಬಳೆಗೆ ಸಿಕ್ಕಿಸಿದ್ದ ಪಿನ್ನುಗಳಿಂದ ಒಂದಕ್ಕೊಂದು ಜೋಡಿಸಿ ಲುಂಗಿ ಮಾಡಿಕೊಟ್ಟೆ. ಆರು ಕಣ ಸೊಂಟಕ್ಕೆ, ಐದು ಮೈಮೇಲೆ. ಸರ್ವಾಂಬರದ ಜನಕ ಹಸಿರು, ಹಳದಿ, ಬದನೆಕಾಯಿ ಬಣ್ಣದಲ್ಲಿ ಹೊನ್ನಾವರದ ಲಾಡ್ಜಿಗೆ ನಡೆದುಬಂದರು. ರಾತ್ರಿ ಅದನ್ನೇ ಹೊದ್ದು ಮಲಗಿದರು. ಬೆಳಿಗ್ಗೆ ಅದರಿಂದಲೇ ಮೈ ಒರೆಸಿಕೊಂಡರು. ಬಸ್ಸಿನಲ್ಲಿ ತೆಂಗಿನಕಾಯಿಗಳನ್ನು ಅದರ ತುದಿಯಲ್ಲೇ ಗಂಟು ಕಟ್ಟಿದರು. ಒಂದೇ ಬಟ್ಟೆಯಲ್ಲಿ ಎಲ್ಲ ಆಯಿತು, ಬ್ಯಾಟರಿ ಬೇಕಾಗಲಿಲ್ಲ.

ಮೊನ್ನೆ ವಿನುತಾ ಫೋನು ಮಾಡಿದ್ದಳು. ಕಾಸರಕೋಡಿನಲ್ಲಿ ಕೆಲವು ಸಂಜೆ ಎರಡು ಅಲೆ ಒಟ್ಟಿಗೆ ದಡಕ್ಕೆ ಬರುತ್ತವಂತೆ, ಜನ ಯಾವ ಬಟ್ಟೆ ಹಾಕಿದ್ದಾರೆಂದು ನೋಡಿ ವಾಪಸು ಹೋಗುತ್ತವಂತೆ. ಒಂದಕ್ಕೆ ತುರಾಯಿ ಇದೆಯಂತೆ. ಅದನ್ನು ಕೇಳಿ ನಮ್ಮ ಮನೆಯವರು ಸ್ಟೂಲು ಹತ್ತಿ, "ಮುಂದಿನ ವರ್ಷ ಮತ್ತೆ ಹೋಗೋಣ ಮಂಗಳಾ!" ಎಂದು ಘೋಷಿಸಿದ್ದಾರೆ.

ನಮ್ಮ ಮನೆಯಲ್ಲಿ ಮುಂದಿನ ವರ್ಷ ಅಂದರೆ ಮೂವತ್ತೆರಡು ವರ್ಷ. ನೀಲಿ ಸೀರೆಯನ್ನು ಒಗೆಯದೆ, ಉಪ್ಪಿನ ವಾಸನೆ ಹೋಗದಂತೆ ಮಡಿಕೆ ಬದಲಿಸಿ ಇಟ್ಟಿದ್ದೇನೆ. ಈ ಸಲ ಟ್ರಂಕಿನಲ್ಲಿ ಅಲ್ಲ, ಅವರ ಟೂಲ್ ಬ್ಯಾಗಿನಲ್ಲಿ.